ಬಾಲವಿಲ್ಲದವರು ಕಟ್ಟಿದ ಮನೆ

ಮನೆ ಕಟ್ಟುವವರಿಗೆ ಬಾಲ ಇರುವುದಿಲ್ಲ. ಮೇಸ್ತ್ರಿಗೂ ಇಲ್ಲ, ಇಂಜಿನಿಯರಿಗೂ ಇಲ್ಲ. ಪ್ಲ್ಯಾನು ಮಂಜೂರು ಮಾಡುವ ಅಧಿಕಾರಿಗೆ ಒಂದು ವೇಳೆ ಇದ್ದರೂ ಆತ ಅದನ್ನು ಮೇಲಧಿಕಾರಿಯ ಕೋಣೆಯಲ್ಲಿ ಮಾತ್ರ ಆಡಿಸುತ್ತಾನೆ. ಹೀಗಾಗಿ 30-40ರ ಸೈಟಿನಲ್ಲಿ ಮನೆ ಏಳುವಾಗ ದೇವರ ಕೋಣೆ ಈಶಾನ್ಯಕ್ಕೆ ಬರುತ್ತದೆ, ಒಲೆ ಆಗ್ನೇಯಕ್ಕೆ ಬರುತ್ತದೆ, ಮಿಕ್ಕ ಜಾಗದಲ್ಲಿ ಮೂರಡಿಯ ಪ್ಯಾಸೇಜು ಬರುತ್ತದೆ. ಅದರ ಒಂದು ಗೋಡೆಗೆ ಚಪ್ಪಲಿ ಸ್ಟ್ಯಾಂಡು ಇಟ್ಟ ಮೇಲೂ ಇಬ್ಬರು ಮನುಷ್ಯರು ಹೊಟ್ಟೆ ಒಳಗೆಳೆದುಕೊಂಡು ಹೇಗೋ ಪಕ್ಕದಿಂದ ದಾಟಿಕೊಳ್ಳಬಹುದು. ಬಾಲವುಳ್ಳ ಒಂದು ಜೀವ ಅದೇ ಜಾಗದಲ್ಲಿ ನಿಂತು, ಬಾಗಿಲು ತೆಗೆದವರನ್ನು ಕಂಡು ಸಂಭ್ರಮಪಟ್ಟರೆ ಆ ಬಾಲಕ್ಕೆ ಎಷ್ಟು ಅಗಲ ಬೇಕಾದೀತು ಎಂದು ಯಾವ ವಾಸ್ತುಪಂಡಿತರೂ ಹೇಳಿಲ್ಲ.

ನಮ್ಮ ಮನೆಯಲ್ಲಿ ಆ ಜೀವದ ಹೆಸರು ಸುಂದ್ರ. ಮುಧೋಳದ ಬೇಟೆನಾಯಿ. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ರೇಡಿಯೊದಲ್ಲಿ ದೇಸಿ ತಳಿಯ ನಾಯಿಗಳನ್ನೇ ಸಾಕಿ ಎಂದು ಹೇಳುವಾಗ ಮುಧೋಳದ ಹೆಸರನ್ನೂ ಎತ್ತಿದರಲ್ಲ, ಅದನ್ನು ಮನಸ್ಸಿಟ್ಟು ಕೇಳಿದವರಲ್ಲಿ ನಮ್ಮ ಮಗನೂ ಒಬ್ಬ. ಬಾಗಲಕೋಟೆ ಕಡೆಯ ಗೆಳೆಯನ ಮೂಲಕ ಮರಿ ತರಿಸಿದ. ಆಮೇಲೆ ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ನಾಯಿಗೆ ನಾವು ಸಿಕ್ಕೆವು.

ಈ ತಳಿಯ ಮೈಕಟ್ಟು ಮನೆಯೊಳಗೆ ಇರುವುದಕ್ಕೆ ಆದದ್ದಲ್ಲ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ್ದು, ಬಯಲುಸೀಮೆಯಲ್ಲಿ ಮೊಲ ಅಟ್ಟಿದ್ದು, 2016ರಲ್ಲಿ ಮೀರತ್ತಿನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋಗಿದ್ದು. ಎರಡಡಿ ಮೀರಿದ ಎತ್ತರ, ಪಕ್ಕೆಲುಬು ಎಣಿಸಬಹುದಾದ ಮೈ, ಬುಡದಲ್ಲಿ ಗಟ್ಟಿಯಾಗಿ ತುದಿಗೆ ಹೋಗುತ್ತ ಹೋಗುತ್ತ ಸಪೂರವಾಗುವ ಉದ್ದನೆಯ ಬಾಲ. ಪೂರ್ತಿ ಓಟದಲ್ಲಿ ಒಮ್ಮೆಲೇ ತಿರುಗುವಾಗ ಮೈ ಉರುಳದ ಹಾಗೆ ತೂಕ ಹಿಡಿಯುವುದು ಅದೇ ಬಾಲ. ನಮ್ಮಲ್ಲಿ ಅದಕ್ಕೆ ಹಿಡಿಯಬೇಕಾದ ತೂಕವೇನೂ ಇಲ್ಲ. ಅಟ್ಟಬೇಕಾದದ್ದು ಹಲ್ಲಿ ಮಾತ್ರ.

ಒಂದು ಬೆಳಿಗ್ಗೆ ನಮ್ಮತ್ತೆ ಪ್ಯಾಸೇಜಿನಲ್ಲಿ ನಿಂತು, ‘ಯಾರೇ ಇಲ್ಲಿ ಎಲೆಅಡಿಕೆ ಉಗಿದೋರು?’ ಎಂದು ಕೂಗಿದರು. ಗೋಡೆಯ ಮೇಲೆ ಮೊಣಕಾಲೆತ್ತರದಿಂದ ಸ್ವಿಚ್ ಬೋರ್ಡಿನವರೆಗೆ ಕೆಂಪು ಹನಿಗಳು. ಕ್ಯಾಲೆಂಡರಿನ ಮೇಲೆ ಅಡ್ಡಗೆರೆ. ಸ್ಟ್ಯಾಂಡಿನ ಅಂಚಿನಲ್ಲಿ ಒತ್ತಿದಂಥ ಗುರುತು. ನೋಡಿದವರು ಪೊಲೀಸರನ್ನು ಕರೆಯಬೇಕು, ಹಾಗಿತ್ತು. ಸುಂದ್ರ ಮಾತ್ರ ಇಷ್ಟು ಬೇಗ ಎಲ್ಲರೂ ಎದ್ದು ಬಂದರಲ್ಲ ಎಂದು ಪರಮಾನಂದದಲ್ಲಿ ಬಾಲ ಬೀಸುತ್ತಿದ್ದ. ಬೀಸಿದ ಹಾಗೆಲ್ಲ ನಮ್ಮ ನೈಟಿ ಪಂಚೆಗಳ ಮೇಲೂ ಹನಿ ಬಿತ್ತು. ಆಮೇಲೆ ತಿಳಿಯಿತು: ಇಡೀ ಗೋಡೆಗೆ ಆಗಿದ್ದು ಎರಡು ಚಮಚ ರಕ್ತವಿದ್ದರೆ ಹೆಚ್ಚು. ಬೀಸುವ ತುದಿಯಿಂದ ಹೊರಟ ಹನಿ ದೂರ ಹಾರುತ್ತದೆ, ಅಷ್ಟೆ.

ಪಶುವೈದ್ಯರಿಗೆ ನೋಡಿದ ಕೂಡಲೇ ಗೊತ್ತಾಯಿತು. ‘ಹ್ಯಾಪಿ ಟೇಲ್’ ಎಂದರು. ಗ್ರೇಟ್ ಡೇನ್, ಲ್ಯಾಬ್ರಡಾರ್, ಗ್ರೇಹೌಂಡ್, ಈ ಥರದ ಉದ್ದ ಬಾಲದ, ಗಿಡ್ಡ ಕೂದಲಿನ ನಾಯಿಗಳಿಗೆ ಬರುವ ಕಾಯಿಲೆ. ಕಾಯಿಲೆ ಅನ್ನುವುದೂ ಹೆಚ್ಚಾಯಿತು. ಗೋಡೆಗೆ, ಮಂಚದ ಮೂಲೆಗೆ, ಬಾಗಿಲ ಚೌಕಟ್ಟಿಗೆ ದಿನಾ ಬಡಿದು ಬಡಿದು ತುದಿಯ ಚರ್ಮ ಸೀಳುತ್ತದೆ. ಬಾಲದೊಳಗೆ ಸುಮಾರು 20 ಪುಟ್ಟ ಮೂಳೆಗಳಿವೆಯಂತೆ. ತುದಿಗೆ ಹೋದ ಹಾಗೆ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸ ಎನ್ನುವುದೇ ಉಳಿಯುವುದಿಲ್ಲ, ರಕ್ತದ ಓಡಾಟವೂ ಅಲ್ಲಿಗೆ ಕೊನೆ. ಬೀಸುವಾಗ ಅತಿ ಜೋರಾಗಿ ಹೋಗುವುದೂ ಆ ತುದಿಯೇ. ಅತಿ ತೆಳು ಚರ್ಮ ಇರುವಲ್ಲೇ ಅತಿ ಜೋರಿನ ಪೆಟ್ಟು.

ಇದನ್ನೆಲ್ಲ ಹೇಳುತ್ತಲೇ ಡಾಕ್ಟರು ಗಾಜ್ ಬಟ್ಟೆಯ ಪಟ್ಟಿಯಿಂದ ಸುಂದ್ರನ ಮೂತಿ ಸುತ್ತಿ ಕಿವಿಯ ಹಿಂದೆ ಗಂಟು ಹಾಕಿಬಿಟ್ಟಿದ್ದರು. ಇವನು ಕಚ್ಚುವವನಲ್ಲ ಸಾರ್ ಎಂದು ನಮ್ಮನೆಯವರಿಗೆ ಅವಮಾನವಾಯಿತು. ‘ನೋವಾದಾಗ ಎಲ್ಲ ನಾಯಿಯೂ ಕಚ್ಚುತ್ತೆ ಸಾರ್, ಯಜಮಾನರನ್ನೇ ಮೊದಲು. ಕೈಗೆ ಸಿಗೋರು ಅವರೇ ತಾನೆ’ ಎಂದರು.

ಗಾಯ ತೊಳೆದದ್ದು ಸಲೈನಿನಲ್ಲಿ. ಆಮೇಲೆ ನೀರು ಬೆರೆಸಿ ತೆಳುವಾಗಿಸಿದ ಅಯೋಡಿನ್ ದ್ರಾವಣ. ಸ್ಪಿರಿಟ್ಟು, ಪೆರಾಕ್ಸೈಡು ಹಾಕಿದರೆ ಉರಿಯುವುದಲ್ಲದೆ ಹೊಸದಾಗಿ ಕೂಡಿಕೊಳ್ಳುತ್ತಿರುವ ಚರ್ಮವೂ ಸುಡುತ್ತದೆ. ಅತ್ತೆಯವರು ಅಷ್ಟರಲ್ಲೇ ಮೆತ್ತಿದ್ದ ಅರಿಶಿನವನ್ನು ತೆಗೆಯಲು ಕಾಂಪೌಂಡರಿಗೆ ಅರ್ಧ ಬಾಟಲಿ ಸಲೈನು ಬೇಕಾಯಿತು. ಅವರೇನೂ ಬೈಯಲಿಲ್ಲ. ‘ಅರಿಶಿನ ಒಳ್ಳೇದೇ ಅಜ್ಜಿ, ಆದ್ರೆ ಅದರಡಿ ಗಾಯ ಎಷ್ಟಿದೆ ಅಂತ ನಮಗೆ ಕಾಣಬೇಕಲ್ಲ’ ಎಂದಷ್ಟೇ ಹೇಳಿದರು. ನೋವಿಗೆಂದು ಮನೆಯ ಡಬ್ಬಿಯಲ್ಲಿರುವ ಮಾತ್ರೆ ಕೊಡಬೇಡಿ ಎಂಬುದನ್ನು ಮಾತ್ರ ಡಾಕ್ಟರು ದನಿ ಏರಿಸಿಯೇ ಹೇಳಿದರು. ನಾವು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಗೆ ಕೈ ಹಾಕುತ್ತದೆ. ಪ್ಯಾರಾಸಿಟಮಾಲೂ ಅದಕ್ಕೆ ಸಾಧುವಲ್ಲ.

ಇನ್ನು ಪಟ್ಟಿ ಕಟ್ಟುವ ವಿಷಯ. ನಾಯಿಯ ಕಾಲಿಗೆ ಕಟ್ಟಬಹುದು, ಹೊಟ್ಟೆಗೂ ಕಟ್ಟಬಹುದು. ಬಾಲಕ್ಕೆ ಕಟ್ಟುವುದು ಒಂದು ವಿದ್ಯೆ. ತುದಿಯ ಕಡೆ ಸಣ್ಣಗಾಗುತ್ತ ಹೋಗುವ ವಸ್ತುವಿನ ಮೇಲೆ ಸುತ್ತಿದ್ದೆಲ್ಲ ತುದಿಯ ಕಡೆಗೇ ಜಾರುತ್ತದೆ. ಅದನ್ನು ಬೀಸಿದರೆ ಕೇಳುವುದೇ ಬೇಡ. ಮೊದಲನೆಯ ಪಟ್ಟಿ ಆಸ್ಪತ್ರೆಯ ಗೇಟಿನ ಹತ್ತಿರವೇ ಹಾರಿ ಒಬ್ಬರ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಜಾರುತ್ತದೆಂದು ಬಿಗಿದು ಕಟ್ಟಿದರೆ ಇನ್ನೂ ದೊಡ್ಡ ಅಪಾಯ. ಅಲ್ಲಿಗೆ ಬರುತ್ತಿರುವ ಒಂದಿಷ್ಟು ರಕ್ತವೂ ನಿಂತು ತುದಿ ತಣ್ಣಗಾಗಿ, ಊದಿ, ಕಪ್ಪಾಗಿ, ಗಾಯದಿಂದ ಹೋಗದಿದ್ದ ಬಾಲ ಪಟ್ಟಿಯಿಂದ ಹೋಗುತ್ತದೆ. ಕಾಂಪೌಂಡರು ಎರಡನೆಯ ಸಲ ಕಟ್ಟಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಅಂಟದ ಗಾಜ್ ಬಟ್ಟೆ ಗಾಯದ ಮೇಲೆ. ಅದರ ಮೇಲೆ ತೆಳ್ಳಗೆ ಹತ್ತಿ. ಅಂಟುವ ಟೇಪನ್ನು ಬಾಲದ ಉದ್ದಕ್ಕೂ ಎರಡು ಕಡೆ ಇಳಿಬಿಟ್ಟು, ಅದರ ಮೇಲೆ ಓರೆಯಾಗಿ ಸುತ್ತುತ್ತ ಬುಡದ ಕಡೆಗೆ ಬಂದರು. ಪ್ರತಿ ಸುತ್ತಿನಲ್ಲೂ ಬಾಲದ ಸ್ವಂತ ಕೂದಲು ಒಂದಿಷ್ಟು ಟೇಪಿನಡಿ ಸಿಗಬೇಕು, ಹಿಡಿತ ಕೊಡುವುದು ಅದೇ. ಎಲ್ಲಕ್ಕಿಂತ ಮೇಲೆ ಎಸಿಯ ತಾಮ್ರದ ಪೈಪಿಗೆ ತೊಡಿಸುತ್ತಾರಲ್ಲ, ಆ ಕಪ್ಪು ಸ್ಪಂಜಿನ ಕೊಳವೆ. ಗಾಳಿಯಾಡಲು ಅದಕ್ಕೆ ಅಲ್ಲಲ್ಲಿ ಕತ್ತರಿಯಿಂದ ತೂತು. ನಾಯಿ ಬಾಲಕ್ಕೆ ಕೊಳವೆ ಹಾಕುವ ಗಾದೆಯನ್ನು ಅಲ್ಲಿದ್ದವರೆಲ್ಲ ಒಟ್ಟಿಗೇ ನೆನಪಿಸಿಕೊಂಡು ನಕ್ಕರು. ಈ ಕೊಳವೆ ನೆಟ್ಟಗೆ ಮಾಡುವುದಕ್ಕಲ್ಲ, ಪೆಟ್ಟು ತಡೆಯುವುದಕ್ಕೆ. ಕೊರಳಿಗೆ ಬೇರೆ ಪ್ಲಾಸ್ಟಿಕ್ ಕಾಲರು. ಅದಿಲ್ಲದಿದ್ದರೆ ಪಟ್ಟಿಯನ್ನು ರಾತ್ರಿಯೊಳಗೆ ಕಚ್ಚಿ ಬಿಚ್ಚುತ್ತದೆ. ಮುಧೋಳದ ಬಾಲದ ಉದ್ದಕ್ಕೆ ಮಧ್ಯಮ ಅಳತೆಯ ಕಾಲರು ಸಾಲದು, ಬಾಗಿ ಬಳಸಿ ತುದಿ ಹಿಡಿದುಬಿಡುತ್ತದೆ.

ಇವೆಲ್ಲ ಚೀಟಿಯಲ್ಲಿ ಬರೆದದ್ದು. ಬರೆಯದೆ ಬಾಯಲ್ಲಿ ಹೇಳಿದ ಮದ್ದೇ ಕಷ್ಟದ್ದು. ‘ಎರಡು ವಾರ ಇವನಿಗೆ ಖುಷಿಯಾಗದ ಹಾಗೆ ನೋಡಿಕೊಳ್ಳಿ ಮೇಡಂ.’

ಕಾಲಿಗೆ ಮುಳ್ಳು ಚುಚ್ಚಿದರೆ ನಾಯಿ ಆ ಕಾಲನ್ನು ಊರುವುದಿಲ್ಲ. ಹಲ್ಲು ನೋವಾದರೆ ಮೂಳೆ ಮುಟ್ಟುವುದಿಲ್ಲ. ಗಾಯವಾದ ಅಂಗಕ್ಕೆ ರಜೆ ಕೊಡುವ ಬುದ್ಧಿ ಪ್ರಾಣಿಗಳಿಗೆ ನಮಗಿಂತ ಚೆನ್ನಾಗಿಯೇ ಇದೆ. ಬಾಲದ ವಿಷಯದಲ್ಲಿ ಮಾತ್ರ ಅದು ನಡೆಯುವುದಿಲ್ಲ. ಬಾಲವನ್ನು ಆಡಿಸುವುದು ನಾಯಿಯಲ್ಲ, ಎದುರಿಗೆ ಬಂದವರು. ಗಾಯ ಸುಂದ್ರನದ್ದು, ಅದನ್ನು ಮತ್ತೆ ಮತ್ತೆ ಕೆದಕುತ್ತಿರುವುದು ನಮ್ಮ ಮುಖಗಳು. ಹಾಗಾಗಿ ಪಥ್ಯ ಮಾಡಬೇಕಾದವರೂ ನಾವೇ.

ಪಥ್ಯ ಶುರುವಾಯಿತು. ಹೊರಗಿಂದ ಬಂದವರು ಹಿಂಬಾಗಿಲಿನಿಂದ ಬರಬೇಕು. ಹೆಸರು ಹಿಡಿದು ಕರೆಯುವ ಹಾಗಿಲ್ಲ. ಕಣ್ಣು ಕೂಡಿಸುವ ಹಾಗಿಲ್ಲ. ಮಾತಾಡಿಸಲೇಬೇಕೆಂದರೆ ತಾರಸಿಗೆ ಕರೆದುಕೊಂಡು ಹೋಗಿ, ಸುತ್ತ ಆರಡಿಯೊಳಗೆ ಗೋಡೆ ಇಲ್ಲದ ಜಾಗದಲ್ಲಿ ನಿಂತು ಮಾತಾಡಿಸಬೇಕು. ಮಗನ ವಿಡಿಯೊ ಕಾಲ್ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು, ಸೌಂಡು ತಗ್ಗಿಸಿ ಕೇಳಬೇಕು. ಆ ಧ್ವನಿ ಕಿವಿಗೆ ಬಿದ್ದರೆ ಕೊಳವೆ ಸಮೇತ ಬಾಲ ಗಿರಗಿರ ತಿರುಗುತ್ತಿತ್ತು.

ಅತಿ ಹೆಚ್ಚು ಬಳಲಿದವರು ನಮ್ಮನೆಯವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಬಂದಾಗ ಎದ್ದು ನಿಲ್ಲುವ ಜೀವ ಪ್ರಪಂಚದಲ್ಲಿ ಅದೊಂದೇ. ನಾನು ಟೀವಿಯಿಂದ ತಲೆ ತಿರುಗಿಸುವುದಿಲ್ಲ, ಅತ್ತೆ ‘ಹಾಲು ತಂದ್ಯೇನೋ’ ಎನ್ನುತ್ತಾರೆ. ಸಂಜೆ ವಾಕಿಂಗಿನಿಂದ ಬಂದು, ಕಳ್ಳನ ಹಾಗೆ ಅಡುಗೆ ಮನೆ ಬಾಗಿಲಲ್ಲಿ ನುಸುಳಿ, ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದರು. ಪೇಪರಿನಡಿಯಿಂದ ಕಪ್ಪು ಕೊಳವೆ ಆಡುವುದು ಕಾಣುತ್ತಿತ್ತು. ‘ನಾನೇನೂ ಮಾಡಿಲ್ಲ ಕಣೇ, ಉಸಿರಾಡಿದೆ ಅಷ್ಟೆ’ ಎನ್ನುತ್ತಿದ್ದರು.

ಈ ನಡುವೆ ಅವರಿಗೊಂದು ಸಂಶೋಧನೆಯ ಸುದ್ದಿ ಸಿಕ್ಕಿತು. ಇಟಲಿಯ ಜಾರ್ಜಿಯೊ ವಲ್ಲೊರ್ಟಿಗಾರಾ ಮತ್ತು ಜೊತೆಗಾರರು 2007ರಲ್ಲಿ 30 ನಾಯಿಗಳ ಬಾಲವನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಯಜಮಾನ ಕಂಡಾಗ ಬಾಲದ ಬೀಸು ನಾಯಿಯ ಬಲಕ್ಕೆ ಹೆಚ್ಚು ವಾಲುತ್ತದೆ, ಗುರುತಿಲ್ಲದ ಜೋರಿನ ನಾಯಿ ಎದುರಾದರೆ ಎಡಕ್ಕೆ. ಮಿದುಳಿನ ಎರಡು ಭಾಗಗಳ ಕೆಲಸ ಬೇರೆ ಬೇರೆ ಇರುವುದರಿಂದ ಹೀಗಂತೆ. ನಮ್ಮನೆಯವರು ಆ ಪುಟ ಹಿಡಿದುಕೊಂಡು ಪ್ಯಾಸೇಜಿನ ಗೋಡೆಗಳನ್ನು ತಪಾಸಣೆ ಮಾಡಿದರು. ಬಾಗಿಲಿಗೆ ಮುಖ ಮಾಡಿ ನಿಂತ ನಾಯಿಯ ಬಲಕ್ಕೆ ಬರುವುದು ಚಪ್ಪಲಿ ಸ್ಟ್ಯಾಂಡು, ಕಲೆ ಹೆಚ್ಚಿದ್ದದ್ದೂ ಆ ಕಡೆಯೇ. ಇದು ತನ್ನನ್ನು ಕಂಡು ಆದ ಗಾಯ ಎಂಬುದಕ್ಕೆ ಪುರಾವೆ ಸಿಕ್ಕಿತೆಂದು ಎರಡು ದಿನ ಬೀಗಿದರು. ಸ್ಟ್ಯಾಂಡಿನ ಅಂಚು ಚೂಪು, ಎಡಗಡೆಯದು ಬರೀ ನುಣುಪು ಗೋಡೆ ಎಂದು ನಾನು ಹೇಳಲಿಲ್ಲ. ಪಥ್ಯದಲ್ಲಿದ್ದವರಿಗೆ ಅಷ್ಟಾದರೂ ಇರಲಿ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಅಧ್ಯಯನ. ಬ್ರಿಟನ್ನಿನ 52 ಪಶು ಚಿಕಿತ್ಸಾಲಯಗಳಿಗೆ ಬಂದ 1,38,212 ನಾಯಿಗಳ ಲೆಕ್ಕ ತೆಗೆದು 2010ರಲ್ಲಿ ಪ್ರಕಟಿಸಿದ್ದು. ಬಾಲದ ಗಾಯವಾಗಿ ಬಂದದ್ದು 281. ನೂರಕ್ಕೆ ಕಾಲು ಭಾಗವೂ ಇಲ್ಲ. ಆ ಗಾಯಗಳಲ್ಲಿ ನೂರಕ್ಕೆ 36 ಮನೆಯೊಳಗೇ ಗೋಡೆಗೋ ಸಾಮಾನಿಗೋ ಬಡಿದು ಆದದ್ದು, 14ಕ್ಕಿಂತ ಹೆಚ್ಚು ಬಾಗಿಲಿಗೆ ಸಿಕ್ಕಿ ಆದದ್ದು. ಹೊರಗೆ ಓಡಾಡಿ ಮಾಡಿಕೊಂಡದ್ದು ಇದರ ಅರ್ಧವೂ ಇಲ್ಲ. ಗ್ರೇಹೌಂಡ್, ವ್ಹಿಪೆಟ್ ಮುಂತಾದ, ನಮ್ಮ ಮುಧೋಳದ ಮೈಕಟ್ಟಿನ ನಾಯಿಗಳಿಗೆ ಅಪಾಯ ಜಾಸ್ತಿ ಎಂದೂ ಅದರಲ್ಲಿತ್ತು. ಕಾಡುಮೇಡಿನಲ್ಲಿ ಮುಳ್ಳುಪೊದೆ ನುಗ್ಗಿ ಬರುವ ಬಾಲಕ್ಕೆ ನಮ್ಮ ಗೋಡೆ, ನಮ್ಮ ಬಾಗಿಲು ಶತ್ರು. ಓದಿದ ದಿನವೇ ಚಪ್ಪಲಿ ಸ್ಟ್ಯಾಂಡು ಕಾಂಪೌಂಡಿಗೆ ಹೋಯಿತು. ಮಂಚದ ಮೂಲೆಗಳಿಗೆ ಹಳೆಯ ಯೋಗದ ಚಾಪೆ ಕತ್ತರಿಸಿ ಸುತ್ತಿದೆ. ಆಷಾಢದ ಗಾಳಿಗೆ ಧಡಾರನೆ ಮುಚ್ಚಿಕೊಳ್ಳುವ ಬಾಗಿಲುಗಳಿಗೆಲ್ಲ ಅಡಿಯಲ್ಲಿ ಸ್ಟಾಪರು ಬಂತು. ಗೇಟು ಹಾಕುವಾಗ, ಕಾರಿನ ಬಾಗಿಲು ಹಾಕುವಾಗ, ಫ್ಲ್ಯಾಟಿನವರಾದರೆ ಲಿಫ್ಟಿನಲ್ಲಿ, ಮೂತಿ ಒಳಗೆ ಬಂತೋ ಇಲ್ಲವೋ ಎಂದು ಎಲ್ಲರೂ ನೋಡುತ್ತೇವೆ. ನೋಡಬೇಕಾದದ್ದು ಇನ್ನೊಂದು ತುದಿಯನ್ನು.

ಮನೆಗೆ ಬರುವ ಮಕ್ಕಳಿಗೂ ಒಂದು ಮಾತು ಹೇಳಿಟ್ಟೆ. ಬಾಲ ಹಿಡಿದು ಎಳೆಯಬಾರದು. ಅದು ಬರೀ ಶಿಷ್ಟಾಚಾರವಲ್ಲ. ಬಾಲದ ಬುಡದಲ್ಲಿರುವ ನರಗಳಿಗೆ ಹತ್ತಿರದವೇ ಮೂತ್ರ, ಮಲ ಹಿಡಿದಿಡುವ ನರಗಳು. ಜೋರಾಗಿ ಜಗ್ಗಿದರೆ, ಅಥವಾ ಬಾಲದ ಮೇಲೆ ಗಾಡಿ ಹತ್ತಿದರೆ, ಅವೂ ಹರಿಯಬಹುದು. ಬಾಲಕ್ಕೆ ಪೆಟ್ಟಾದ ನಾಯಿ ನಿಂತಲ್ಲೇ ಉಚ್ಚೆ ಸೋರಿಸಿಕೊಳ್ಳುತ್ತಿದ್ದರೆ, ಅಥವಾ ಹೊಯ್ಯಲಾಗದೆ ಒದ್ದಾಡುತ್ತಿದ್ದರೆ, ನಾಳೆ ನೋಡೋಣ ಎನ್ನುವ ಹಾಗಿಲ್ಲ.

ಎಲ್ಲ ಜೋತುಬಿದ್ದ ಬಾಲವೂ ಮುರಿದದ್ದಲ್ಲ. ತೀರ್ಥಹಳ್ಳಿಯ ನಮ್ಮಕ್ಕನ ಮನೆಯ ಲ್ಯಾಬ್ರಡಾರು ಪುಷ್ಯಮಾಸದ ಚಳಿಯಲ್ಲಿ ತುಂಗೆಯಲ್ಲಿ ಮನದಣಿಯೆ ಈಜಿ ಬಂದು, ಮಾರನೆಯ ದಿನ ಬಾಲ ಎತ್ತಲಾಗದೆ ನಿಂತಿತು. ಬುಡದಲ್ಲಿ ಒಂದು ಗೇಣು ಅಡ್ಡಕ್ಕೆ, ಅಲ್ಲಿಂದ ಕೆಳಕ್ಕೆ ನೇತಾಡಿದ ಹಗ್ಗ. ಅಕ್ಕ ಫೋನಿನಲ್ಲಿ ಅತ್ತೇಬಿಟ್ಟಳು. ಅದು ಬಾಲದ ಸ್ನಾಯುಗಳ ಸೋಲು. ತಣ್ಣೀರಿನ ಈಜು, ರೂಢಿಯಿಲ್ಲದ ಓಟ, ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ದೂರದ ಪ್ರಯಾಣ, ಇವುಗಳಿಂದ ಬರುತ್ತದೆ. ಈಜುವ, ಬೇಟೆಯ ಕೆಲಸ ಮಾಡುವ ಲ್ಯಾಬ್ರಡಾರುಗಳಿಗೇ ಇದು ಹೆಚ್ಚು ಎಂದು ಎಡಿನ್‌ಬರೊ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ. ಡಾಕ್ಟರು ಮುರಿತವಲ್ಲ ಎಂದು ಖಚಿತಪಡಿಸಿಕೊಂಡು, ವಿಶ್ರಾಂತಿ ಮತ್ತು ಊತದ ಔಷಧಿ ಕೊಟ್ಟರು. ವಾರದೊಳಗೆ ಬಾಲ ತಾನಾಗಿ ಎದ್ದಿತು. ಅಕ್ಕ ಆ ಸಂತೋಷಕ್ಕೆ ನಾಯಿಗೆ ಕಡುಬು ಹಾಕಿದಳಂತೆ.

ಬೀದಿ ನಾಯಿಯ ಬಾಲಕ್ಕೆ ಎಸಿ ಪೈಪಿನ ಸ್ಪಂಜು ತೊಡಿಸುವವರು ಯಾರು? ನಮ್ಮ ರಸ್ತೆಯ ಕರಿಯನ ಬಾಲದ ಮೇಲೆ ಮಳೆಗಾಲದಲ್ಲಿ ಯಾವುದೋ ಬೈಕು ಹತ್ತಿತು. ನೊಣ ಕೂತ ಗಾಯಕ್ಕೆ ಒಂದು ದಿನ ಸಾಕು, ಮೊಟ್ಟೆ ಒಡೆದು ಹುಳ ಬೀಳುತ್ತದೆ. ಹೂವಿನಂಗಡಿಯ ಲಕ್ಷ್ಮಮ್ಮ ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕಿ, ಅದನ್ನು ಗಾಯದ ಬಾಯಿಗೆ ಬಿಟ್ಟು, ತಲೆ ಹೊರಗೆ ಹಾಕಿದ ಹುಳಗಳನ್ನು ಹೂ ಕಟ್ಟುವ ಬೆರಳುಗಳಿಂದಲೇ ಒಂದೊಂದಾಗಿ ತೆಗೆದು ಹಾಕಿದಳು. ಆ ಬೆರಳುಗಳಿಗೆ ಅಸಹ್ಯವೆಂಬುದು ಗೊತ್ತಿರಲಿಲ್ಲ. ಒಳಗೆ ಆಳದಲ್ಲಿ ಉಳಿದವನ್ನು ತೆಗೆಯಲು ಚಿಮಟ, ಇಂಜೆಕ್ಷನ್ನು ಬೇಕು. ಸಂಜೆ ಒಬ್ಬ ಹುಡುಗ ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಇದೇ ರಸ್ತೆಯಲ್ಲಿ ದೀಪಾವಳಿಗೆ ನಾಯಿ ಬಾಲಕ್ಕೆ ಸರಪಟಾಕಿ ಕಟ್ಟುವ ಹುಡುಗರೂ ಇದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮೊದಲ ತಪ್ಪಿಗೆ ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಈಗ ಅಷ್ಟಕ್ಕೆ ಪಟಾಕಿಯೂ ಬರುವುದಿಲ್ಲ.

ಸುಂದ್ರನ ಕಥೆಗೆ ಬರುತ್ತೇನೆ. ಪಥ್ಯ, ಕೊಳವೆ, ಹಿಂಬಾಗಿಲು ಎಲ್ಲ ಆದರೂ ಗಾಯ ಹಕ್ಕಳೆ ಕಟ್ಟುವುದು, ಮಗ ರಜೆಗೆ ಬರುವುದು, ಮತ್ತೆ ಒಡೆಯುವುದು. ಕೊನೆಗೆ ತುದಿಯ ಮೂಳೆ ಕಾಣಿಸಿತು. ‘ಇನ್ನು ಕಾಯಿಸಿದರೆ ಸೋಂಕು ಮೇಲೇರುತ್ತೆ. ಈಗ ನಾಲ್ಕು ಬೆರಳು ಕೊಟ್ಟರೆ ಉಳಿದದ್ದು ಉಳಿಯುತ್ತೆ’ ಎಂದರು ಡಾಕ್ಟರು. ಪೂರ್ತಿ ಅರಿವಳಿಕೆ ಕೊಟ್ಟು, ಎರಡು ಮೂಳೆಗಳ ನಡುವಿನ ಕೀಲಿನಲ್ಲಿ ಬಿಡಿಸುತ್ತಾರೆ. ಚರ್ಮವನ್ನು ಮೂಳೆಗಿಂತ ಉದ್ದ ಬಿಟ್ಟುಕೊಂಡು, ಸೆಳೆತ ಬೀಳದ ಹಾಗೆ ಮಡಿಸಿ ಹೊಲಿಯುತ್ತಾರೆ. ಬಿಗಿದು ಹೊಲಿದರೆ ಮೊದಲನೆಯ ಬೀಸಿಗೇ ಬಾಯಿ ಬಿಡುತ್ತದೆ. 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುವುದು. ಅಲ್ಲಿಯವರೆಗೆ ಮತ್ತೆ ಪಥ್ಯ. ಈ ಸಲ ಮಗ ಪುಣೆಯಿಂದ ಫೋನೇ ಮಾಡಲಿಲ್ಲ, ಮೆಸೇಜು ಕಳಿಸಿದ.

ನಾಲ್ಕು ಬೆರಳು ಕಮ್ಮಿಯಾದ ಬಾಲ ಈಗ ಪ್ಯಾಸೇಜಿನಲ್ಲಿ ಎರಡು ಕಡೆಯೂ ಗೋಡೆ ಮುಟ್ಟದೆ ಆಡುತ್ತದೆ. ತಿರುಗುವಾಗ ತೂಕ ತಪ್ಪುವುದನ್ನು ನಾನಂತೂ ಕಂಡಿಲ್ಲ. ಹಲ್ಲಿ ಇನ್ನೂ ಸಿಕ್ಕಿಲ್ಲ, ಮೊದಲೂ ಸಿಕ್ಕಿರಲಿಲ್ಲ.

ನಮ್ಮನೆಯವರ ಸ್ನೇಹಿತರೊಬ್ಬರು ಇದನ್ನು ನೋಡಲೆಂದೇ ಬಂದರು. ಡಾಬರ್‌ಮನ್ ಸಾಕಿದವರು. ಮರಿಗೆ ಮೂರು ದಿನವಾಗಿದ್ದಾಗಲೇ ಬಾಲ ಕತ್ತರಿಸಿದ ನಾಯಿಯನ್ನೇ ದುಡ್ಡು ಕೊಟ್ಟು ತರುವುದು ಅವರ ಪದ್ಧತಿ. ‘ಅದಕ್ಕೇ ಹೇಳೋದಮ್ಮ, ಮರಿಯಲ್ಲೇ ತೆಗೆಸಿಬಿಡಬೇಕು ಅಂತ. ಆಗಲೇ ಮಾಡಿಸಿದ್ದರೆ ಈ ಗೋಳು ಇತ್ತಾ?’ ಎಂದರು. ಈ ವಾದಕ್ಕೆ ವಯಸ್ಸಾಗಿದೆ. ಒಂದನೆಯ ಶತಮಾನದ ರೋಮಿನ ಕೃಷಿ ಲೇಖಕ ಕೊಲುಮೆಲ್ಲ, ನಲವತ್ತನೆಯ ದಿನಕ್ಕೆ ಮರಿಯ ಬಾಲ ತೆಗೆದರೆ ಹುಚ್ಚು ಹಿಡಿಯುವುದಿಲ್ಲವೆಂದು ಕುರುಬರು ಹೇಳುತ್ತಾರೆ ಎಂದು ಬರೆದಿಟ್ಟ. ಹುಚ್ಚಿನ ನೆಪ ಹೋಗಿ ಬೇಟೆಯ ನೆಪ ಬಂತು, ಅದು ಹೋಗಿ ಚೆಂದದ ನೆಪ ಬಂತು, ಚೆಂದವೂ ಸಾಲದಾದಾಗ ಗಾಯ ತಡೆಯುವ ನೆಪ. ಇಂಗ್ಲೆಂಡಿನವರು 2006ರ ಕಾಯ್ದೆಯಲ್ಲಿ ಪೊಲೀಸು, ಬೇಟೆ ಮುಂತಾದ ಕೆಲಸದ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಇದನ್ನು ನಿಷೇಧಿಸಿದರು. ಸ್ಕಾಟ್ಲೆಂಡಿನವರು ಎಲ್ಲಕ್ಕೂ ನಿಷೇಧಿಸಿ, 2017ರಲ್ಲಿ ಸ್ಪ್ಯಾನಿಯಲ್ ಮುಂತಾದ ಬೇಟೆನಾಯಿಗಳಿಗೆ ಸಡಿಲಿಸಿದರು. ಜಗಳ ಅಲ್ಲೂ ಮುಗಿದಿಲ್ಲ. ನನ್ನ ಹತ್ತಿರ ಆ 2010ರ ಅಧ್ಯಯನದ ಲೆಕ್ಕ ಇತ್ತು. ಒಂದು ಬಾಲಕ್ಕೆ ಗಾಯವಾಗುವುದನ್ನು ತಪ್ಪಿಸಬೇಕಾದರೆ ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕಾಗುತ್ತದೆ. ಅದನ್ನೇ ಅವರ ಮುಂದೆ ಇಟ್ಟೆ.

ಅವರು ಸುಂದ್ರನ ಗಿಡ್ಡ ಬಾಲವನ್ನೇ ನೋಡುತ್ತ, ‘ಐನೂರರಲ್ಲಿ ಒಂದು. ಆ ಒಂದು ನಿಮ್ಮನೇದೇ ಆಯ್ತಲ್ಲಮ್ಮ?’ ಎಂದರು.

‘ಆಗಲಿ ಬಿಡಿ, ಉಳಿದ ನಾನೂರ ತೊಂಬತ್ತೊಂಬತ್ತು ಆಡಿಸಿಕೊಂಡಿರಲಿ’ ಎಂದೆ.

ಅವರು ಕಾಫಿಗೆ ಸಕ್ಕರೆ ಕಮ್ಮಿ ಎಂದರು.